ಯಾವ ಕೆನ್ನೆ

ಮೂವತ್ತೊಂದು ವರ್ಷ ನಾನು ಊರವರ ಮುಖ ತಿದ್ದಿದ್ದೇನೆ. ಸ್ಟುಡಿಯೊದಲ್ಲಿ ನನ್ನ ಕೆಲಸಕ್ಕೆ ಟಚಿಂಗ್ ಎನ್ನುತ್ತಿದ್ದರು. ಫೋಟೊ ಹಿಡಿಯುವವನು ಮುಂದಿನ ಕೋಣೆಯಲ್ಲಿ ದೀಪ ಹಾಕಿಕೊಂಡು ಮೆರೆಯುತ್ತಿದ್ದ. ನಾನು ಹಿಂದಿನ ಕೋಣೆಯಲ್ಲಿ, ಕೆಳಗಿನಿಂದ ಬೆಳಕು ಬರುವ ಇಳಿಜಾರು ಮೇಜಿನ ಮುಂದೆ ಬೆನ್ನು ಬಗ್ಗಿಸಿ ಕೂತು, ಚೂಪು ಪೆನ್ಸಿಲಿನಿಂದ ನೆಗೆಟಿವ್ ಮೇಲೆ ಚುಕ್ಕೆ ಇಡುತ್ತಿದ್ದೆ. ಮೊಡವೆ, ಸುಕ್ಕು, ಕಣ್ಣಿನ ಕೆಳಗಿನ ಕಪ್ಪು, ಯಾವುದನ್ನೂ ಬಿಡುತ್ತಿರಲಿಲ್ಲ. ಜನ ಫೋಟೊ ನೋಡಿಕೊಂಡು "ಅಯ್ಯೋ, ನಾನು ಇಷ್ಟು ಚೆನ್ನಾಗಿದ್ದೀನಾ!" ಎಂದು ಉಬ್ಬಿಹೋಗುವಾಗ ಹೊಗಳಿಕೆ ಪೂರಾ ಮುಂದಿನ ಕೋಣೆಯವನಿಗೆ. ಹಿಂದಿನ ಕೋಣೆಯಲ್ಲಿ ಒಬ್ಬ ಇದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ.

ಆ ಸ್ಟುಡಿಯೊ ಮುಚ್ಚಿ ಹದಿನೇಳು ವರ್ಷವಾಯಿತು. ಮಾಲೀಕರು ತೀರಿಕೊಂಡ ಮೇಲೆ ಅವರ ಮಕ್ಕಳು ನೆಗೆಟಿವ್‌ಗಳನ್ನೆಲ್ಲ ಮೂಟೆ ಕಟ್ಟಿ ಗುಜರಿಗೆ ಹಾಕಿದರು. ಈಗ ನನಗೆ ಅರವತ್ತೆಂಟು. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂರುತ್ತೇನೆ. ಪಾಸ್‌ಪೋರ್ಟ್ ಅಳತೆಯ ಫೋಟೊ ಕತ್ತರಿಸುವುದು, ಲ್ಯಾಮಿನೇಷನ್ ಮಾಡುವುದು, ಒಂದೇ ಬದಿ ಸಾಕೋ ಎರಡೂ ಬದಿ ಬೇಕೋ ಎಂದು ದಿನಕ್ಕೆ ನೂರು ಸಲ ಕೇಳುವುದು, ಇಷ್ಟೇ ಕೆಲಸ. ಮಂಡಿ ನೋಯುತ್ತದೆ, ಕುತ್ತಿಗೆ ನೋಯುತ್ತದೆ, ಎರಡೂ ನೋಯದ ದಿನ ಯಂತ್ರದೊಳಗೆ ಕಾಗದ ಸಿಕ್ಕಿಕೊಳ್ಳುತ್ತದೆ. ನೆಮ್ಮದಿ ಅನ್ನುವುದು ನನ್ನ ಹಣೆಯಲ್ಲಿ ಬರೆದಿಲ್ಲ, ಅದರ ಬಗ್ಗೆ ಈಗ ತಕರಾರೂ ಇಲ್ಲ.

ಅಂಗಡಿ ನಡೆಸುವಾಕೆಗೆ ಮೂವತ್ತೈದು ಇರಬಹುದು. ಮಾತು ಚುರುಕು, ಮನಸ್ಸು ಒಳ್ಳೆಯದು, ತಾಳ್ಮೆ ಮಾತ್ರ ಎಳ್ಳಷ್ಟೂ ಇಲ್ಲ. ಒಂದು ಸೋಮವಾರ ನಾನು ಚೀಲ ಕೆಳಗಿಡುವ ಮುಂಚೆಯೇ ಶುರು ಮಾಡಿದಳು.

"ಅಂಕಲ್, ಹಳೇ ಫೋಟೊ ಹೊಸದು ಮಾಡಿಕೊಡ್ತೀವಿ ಅಂತ ಬೋರ್ಡ್ ಹಾಕೋಣ ಅಂತಿದ್ದೀನಿ. ಪುಕ್ಕಟೆ ಸಿಗೋ ಸಾಫ್ಟ್‌ವೇರ್ ಬೇಕಾದಷ್ಟಿವೆ. ಮೂರು ಆರಿಸಿ ಇಟ್ಟಿದ್ದೀನಿ. ಯಾವುದು ಒಳ್ಳೇದು ಅಂತ ನೀವೇ ನೋಡಿ ಹೇಳಿ."

"ನನಗೆ ಪೆನ್ಸಿಲ್ ಗೊತ್ತು ಮೇಡಮ್. ಮೌಸ್ ಹಿಡಿದ್ರೆ ಕೈ ನಡುಗುತ್ತೆ."

"ಹಿಡೀತಾ ಹಿಡೀತಾ ಸರಿಹೋಗುತ್ತೆ ಬಿಡಿ. ಮುಖದ ಕೆಲಸ ನಿಮ್ಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ವಾರ ತಗೊಳ್ಳಿ."

ಹೀಗೆ ನನ್ನನ್ನು ಹೊಗಳಿ ಅಟ್ಟಕ್ಕೇರಿಸಿ ತಾನು ಬ್ಯಾಂಕಿಗೆ ಹೊರಟುಹೋದಳು. ನಾನು ಕಂಪ್ಯೂಟರಿನ ಮುಂದೆ ಕೂತು ಸ್ವಲ್ಪ ಹೊತ್ತು ಸುಮ್ಮನೆ ಪರದೆ ನೋಡಿದೆ.

ಸಂಜೆ ಮನೆಯಲ್ಲಿ ಚಹಾ ಕುಡಿಯುತ್ತಾ ಹೆಂಡತಿಗೆ ಈ ಕಥೆ ಹೇಳಿದ್ದೇ ತಪ್ಪಾಯಿತು. ಒಳಕೋಣೆಯಲ್ಲಿದ್ದ ಅಕ್ಕನಿಗೆ ಕೇಳಿಸಿತು. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಭಾವ ಹೋದ ಮೇಲೆ ಒಂಬತ್ತು ವರ್ಷದಿಂದ ನಮ್ಮ ಜೊತೆಗೇ ಇದ್ದಾಳೆ. ಕಿವಿ ಚುರುಕು, ಕಾಲು ಗಟ್ಟಿ, ನೆನಪು ಮಾತ್ರ ಕೈಕೊಡುತ್ತಿದೆ. ಊಟ ಆಯಿತೇ ಎಂದು ಕೇಳಿದರೆ ಕೆಲವೊಮ್ಮೆ ನನ್ನ ಹೆಂಡತಿಯ ಮುಖ ನೋಡುತ್ತಾಳೆ, ಉತ್ತರ ಅಲ್ಲಿದೆಯೇನೋ ಎನ್ನುವ ಹಾಗೆ. ಇನ್ನು ಇದು ಹೆಚ್ಚುತ್ತಲೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ಅಕ್ಕ ಒಂದು ಟವೆಲ್ಲಿನಲ್ಲಿ ಸುತ್ತಿದ ಫೋಟೊ ತಂದು ನನ್ನ ತೊಡೆಯ ಮೇಲಿಟ್ಟಳು. ಬಿಚ್ಚಿ ನೋಡುವ ಅಗತ್ಯವಿರಲಿಲ್ಲ. ಅವಳ ಒಬ್ಬಳೇ ಮಗಳ ಫೋಟೊ ಅದು. ಮನೆಯಲ್ಲಿ ಎಲ್ಲರೂ ಅವಳನ್ನು ಚಿನಕುರುಳಿ ಎಂದು ಕರೆಯುತ್ತಿದ್ದೆವು, ಬಾಯಿ ಬಿಟ್ಟರೆ ಪಟಪಟ ಮಾತು. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಕಾಮಾಲೆ ಬಂತು, ಹತ್ತೇ ದಿನದಲ್ಲಿ ಹೋಗಿಬಿಟ್ಟಳು. ಅದಾಗಿ ಇಪ್ಪತ್ತೈದು ವರ್ಷ. ಅವಳ ಬಾಲ್ಯದ ಆಲ್ಬಮ್‌ಗಳೆಲ್ಲ ಅಕ್ಕನ ಹಳೇ ಮನೆಯಲ್ಲಿ ಪೈಪು ಒಡೆದಾಗ ನೆನೆದು ಮುದ್ದೆಯಾದವು. ಗೋಡೆಯ ಮೇಲೆ ತೂಗುಹಾಕಿದ್ದ ಇದೊಂದು ಉಳಿಯಿತು. ಅದೂ ಪೂರ್ತಿ ಉಳಿದಿರಲಿಲ್ಲ. ಬೂಷ್ಟು ಹಿಡಿದು ಗಾಜಿಗೆ ಅಂಟಿಕೊಂಡಿತ್ತು, ಕುತ್ತಿಗೆಯ ಮೇಲೆ ಅಡ್ಡಡ್ಡ ನೀರಿನ ಗೆರೆ, ಮೇಲಿನ ಮೂಲೆಯಲ್ಲಿ ಕಾಗದ ಕಿತ್ತುಬಂದಿತ್ತು.

"ಬೂಷ್ಟು ಎಲ್ಲ ತೆಗೆದುಕೊಡ್ತೀನಿ ಅಕ್ಕ," ಎಂದೆ.

"ಬೂಷ್ಟು ಇದ್ರೆ ಇರ್ಲಿ ಕಣೋ. ಅವಳ ಮಚ್ಚೆ ವಾಪಸ್ ಹಾಕು."

ಲೋಟ ಕೆಳಗಿಟ್ಟೆ. ಅಕ್ಕ ಪಕ್ಕದಲ್ಲಿ ಕೂತು ದನಿ ತಗ್ಗಿಸಿದಳು.

"ಯಾವ ಕೆನ್ನೆ ಅಂತ ನಂಗೆ ನೆನಪಾಗ್ತಿಲ್ಲ ಕಣೋ. ಒಂದು ದಿನ ಎಡ ಅನ್ಸುತ್ತೆ, ಇನ್ನೊಂದು ದಿನ ಬಲ ಅನ್ಸುತ್ತೆ. ಹೆತ್ತೋಳಿಗೆ ಗೊತ್ತಿಲ್ಲ ಅಂದ್ರೆ ಯಾರಾದ್ರೂ ನಂಬ್ತಾರಾ? ಪೂರ್ತಿ ಮರೆತುಹೋಗೋ ಮುಂಚೆ ಒಂದು ಸಲ ಅವಳನ್ನ ಸರಿಯಾಗಿ ನೋಡ್ಬೇಕು. ನಿಂಗೆ ಗೊತ್ತಿರುತ್ತಲ್ಲ. ತೆಗೆದೋನು ನೀನೇ ತಾನೇ?"

ಹೌದು, ತೆಗೆದವನು ನಾನೇ. ಅವಳ ಒಂದು ಕೆನ್ನೆಯ ಮೇಲೆ ಬೆರಳಿನ ಉಗುರಿನಷ್ಟು ಅಗಲದ ಕಂದು ಮಚ್ಚೆಯಿತ್ತು, ಹುಟ್ಟುಮಚ್ಚೆ. ಕಿವಿಯ ಕಡೆಗೆ ಅದಕ್ಕೊಂದು ಸಣ್ಣ ಬಾಲ. ಇಪ್ಪತ್ತನೆಯ ವಯಸ್ಸಿನಲ್ಲಿ ನರ್ಸಿಂಗ್ ತರಬೇತಿಗೆ ಅರ್ಜಿ ಹಾಕಲು ಫೋಟೊ ಬೇಕೆಂದು ನಮ್ಮ ಸ್ಟುಡಿಯೊಗೆ ಬಂದಳು. ಸೋದರಮಾವ ಇರುವ ಸ್ಟುಡಿಯೊ ಬಿಟ್ಟು ಇನ್ನೆಲ್ಲಿಗೆ ಹೋಗುತ್ತಾಳೆ? ಆ ನೆಗೆಟಿವ್ ಮೇಲೆ ಮೂರು ಗಂಟೆ ಕೂತೆ. ಒಂದೊಂದೇ ಚುಕ್ಕೆ ಇಟ್ಟು ಆ ಮಚ್ಚೆ ಇತ್ತು ಎನ್ನುವ ಗುರುತೇ ಇಲ್ಲದಂತೆ ಮುಚ್ಚಿಹಾಕಿದೆ. ನನ್ನ ಜೀವಮಾನದ ಕೆಲಸದಲ್ಲಿ ಅಷ್ಟು ನಾಜೂಕಿನದು ಇನ್ನೊಂದಿಲ್ಲ. ಆದರೆ ಅವಳು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಹುಡುಗಿಗೆ ಉಡುಗೊರೆ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ, ನನ್ನ ಮೂರ್ಖತನಕ್ಕೆ ಏನನ್ನಬೇಕು. ಅರ್ಜಿಗೆ ಮರುದಿನವೇ ಕೊನೆ. ಅದನ್ನೇ ಅಂಟಿಸಿ ಕಳಿಸಿದಳು. ಆಮೇಲೆ ಅವಳು ಯಾವ ಕ್ಯಾಮೆರಾದ ಮುಂದೆಯೂ ನಿಲ್ಲಲಿಲ್ಲ.

ಅದೇ ಫೋಟೊವನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಅಕ್ಕನಿಗೆ ಕೊಟ್ಟಿದ್ದೆ. ಅಕ್ಕ ತುಂಬಾ ಹೊತ್ತು ನೋಡಿದ್ದಳು. "ಇದನ್ನ ತೆಗಿ ಅಂತ ಅವಳೇ ಹೇಳಿದ್ಲಾ?" ಎಂದು ಕೇಳಿದ್ದಳು. ಅವಳ ಮುಖ ನೋಡಿ ನನಗೆ ಧೈರ್ಯ ಸಾಲಲಿಲ್ಲ. "ಹ್ಞೂಂ" ಎಂದುಬಿಟ್ಟೆ. ಅಕ್ಕ ಮಗಳನ್ನು ಈ ವಿಷಯ ಕೇಳಲಿಲ್ಲ, ಮಗಳು ತಾನಾಗಿ ಹೇಳಲಿಲ್ಲ. ಆ "ಹ್ಞೂಂ" ಮೂವತ್ತೆರಡು ವರ್ಷದಿಂದ ನನ್ನ ಜೊತೆಗೇ ಇದೆ.

ಅಕ್ಕ ಒಳಗೆ ಹೋದ ಮೇಲೆ ಹೆಂಡತಿಯನ್ನು ಕೇಳಿದೆ. "ಅವಳ ಮಚ್ಚೆ ಯಾವ ಕಡೆ ಇತ್ತು, ನೆನಪಿದೆಯಾ?"

"ಬಲ ಇರ್ಬೇಕು. ಅಥವಾ ಎಡಾನೋ. ಎದುರಿಗೆ ಕೂತಾಗ ಈ ಕಡೆ ಅನ್ಸುತ್ತೆ, ಪಕ್ಕದಲ್ಲಿ ಕೂತಾಗ... ಅಯ್ಯೋ, ಇಪ್ಪತ್ತೈದು ವರ್ಷ ಆಯ್ತಲ್ರೀ."

"ಇಷ್ಟು ವರ್ಷ ನೋಡಿದೋಳಿಗೆ ಅಷ್ಟೂ ಗೊತ್ತಿಲ್ವಾ?"

"ನನ್ನ ಮೈಮೇಲೆ ಮಚ್ಚೆ ಎಲ್ಲಿದೆ ಹೇಳಿ ನೋಡೋಣ. ನಲವತ್ತು ವರ್ಷ ಸಂಸಾರ ಮಾಡಿದ್ದೀರಲ್ಲ."

ನಾನು ತೆಪ್ಪಗೆ ಎದ್ದು ಲೋಟ ತೊಳೆಯಲು ಹೋದೆ.

ಮರುದಿನ ಆ ಫೋಟೊವನ್ನು ಅಂಗಡಿಗೆ ಒಯ್ದೆ. ಗಾಜಿನಿಂದ ಬಿಡಿಸಲು ಹೋದರೆ ಮುಖವೇ ಕಿತ್ತುಬರುವ ಹಾಗಿತ್ತು, ಗಾಜಿನ ಸಮೇತ ಸ್ಕ್ಯಾನ್ ಮಾಡಿದೆ. ಮೂರೂ ಸಾಫ್ಟ್‌ವೇರ್‌ಗಳನ್ನು ಇದರ ಮೇಲೆಯೇ ಪರೀಕ್ಷೆ ಮಾಡಿದರೆ ಎರಡೂ ಕೆಲಸ ಒಟ್ಟಿಗೆ ಮುಗಿಯುತ್ತದೆ ಎಂದು ಲೆಕ್ಕ ಹಾಕಿದ್ದೆ.

ಮೊದಲನೆಯದು ಇಂಟರ್ನೆಟ್ಟಿನಲ್ಲಿ ಇರುವಂಥದ್ದು. ಫೋಟೊ ಹಾಕಬೇಕು, ಒಂದು ಗುಂಡಿ ಒತ್ತಬೇಕು, ಅಷ್ಟೇ. ಹತ್ತು ಸೆಕೆಂಡಿನಲ್ಲಿ ಬೂಷ್ಟು ಮಾಯ, ನೀರಿನ ಗೆರೆ ಮಾಯ, ಕಿತ್ತ ಮೂಲೆ ಭರ್ತಿ. ಯಜಮಾನತಿ ಹಿಂದಿನಿಂದ ಬಗ್ಗಿ ನೋಡಿ "ಸೂಪರ್ ಅಂಕಲ್!" ಎಂದಳು. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಹುಬ್ಬು ಆಗತಾನೆ ಪಾರ್ಲರಿನಿಂದ ಬಂದ ಹಾಗಿತ್ತು. ಮುಚ್ಚಿದ ತುಟಿಯ ನಗುವಿಗೆ ಯಾರದೋ ಹಲ್ಲು ಕೊಟ್ಟಿತ್ತು. ಇದು ಚೆಲುವೆಯೊಬ್ಬಳ ಫೋಟೊ ಎನ್ನುವುದರಲ್ಲಿ ಸಂಶಯವಿಲ್ಲ, ನಮ್ಮ ಮನೆಯವಳಂತೂ ಅಲ್ಲ.

ಒಂದು ಯೋಚನೆ ಬಂತು. ಸ್ಕ್ಯಾನ್ ಮಾಡಿದ ಫೋಟೊದ ಕೆನ್ನೆಯ ಮೇಲೆ ಸುಮ್ಮನೆ ಒಂದು ಕಂದು ಚುಕ್ಕೆ ಬರೆದು ಮತ್ತೆ ಗುಂಡಿ ಒತ್ತಿದೆ. ಕೊಳೆಯೆಂದು ತಿಳಿದು ಅದನ್ನೂ ಒರೆಸಿಹಾಕಿತು. ನಾನು ಮೂರು ಗಂಟೆ ಬೆನ್ನು ಮುರಿದು ಮಾಡಿದ್ದನ್ನು ಅದು ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡಿತ್ತು, ಅದೂ ಯಾರೂ ಕೇಳದೆ. ನನಗೆ ಅದರ ಮೇಲೆ ಕೋಪ ಬರಬೇಕಿತ್ತು. ನಾಚಿಕೆಯಾಯಿತು.

ಎರಡನೆಯದು ಚಿಕ್ಕದು, ಸಾಧು ಸ್ವಭಾವದ್ದು. ಕತ್ತರಿಸು, ತಿರುಗಿಸು, ಗೀರು ಮುಚ್ಚು, ಬೆಳಕು ಹೆಚ್ಚಿಸು, ಇಷ್ಟೇ ಗುಂಡಿಗಳು. ಒಂದು ಮಧ್ಯಾಹ್ನದಲ್ಲಿ ಕಲಿತೆ. ಕುತ್ತಿಗೆಯ ಗೆರೆ ಅರ್ಧ ತೆಗೆದೆ, ಖುಷಿಯಾಯಿತು, ಉಳಿಸಿ ಮುಚ್ಚಿದೆ. ಮರುದಿನ ತೆರೆದು ನೋಡಿದರೆ ಗೆರೆಯ ಜೊತೆ ಅವಳ ಸರದ ಒಂದು ಎಳೆಯೂ ಹೋಗಿತ್ತು. ವಾಪಸು ತರುವುದು ಹೇಗೆಂದು ಯಜಮಾನತಿಯನ್ನು ಕೇಳಿದೆ. "ಒಂದ್ಸಲ ಉಳಿಸಿದ್ಮೇಲೆ ಇಲ್ಲ ಅಂಕಲ್, ಅದು ಫೋಟೊ ಮೇಲೇ ಬರೆಯುತ್ತೆ," ಎಂದಳು. ಅಂಥ ಕೆಲಸ ನಾನು ಬೇಕಾದಷ್ಟು ಮಾಡಿದ್ದೇನೆ, ಇನ್ನು ಸಾಕು ಎನಿಸಿತು. ಫೋಟೊವನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡಿಕೊಂಡೆ.

ಮೂರನೆಯದು ತೆರೆದುಕೊಳ್ಳುವುದಕ್ಕೇ ಒಂದು ಚಹಾ ಕುಡಿದು ಮುಗಿಸುವಷ್ಟು ಹೊತ್ತು. ಎಲ್ಲೆಲ್ಲಿಯವರೋ ತಮ್ಮ ಬಿಡುವಿನಲ್ಲಿ ಕೂತು ಪುಕ್ಕಟೆಯಾಗಿ ಬರೆದದ್ದಂತೆ. ಅವರಿಗೆ ಪುಣ್ಯ ಬರಲಿ, ಆದರೆ ನೋಡುವವರ ಮೇಲೆ ಸ್ವಲ್ಪ ಕರುಣೆ ತೋರಿಸಬಹುದಿತ್ತು. ಪರದೆಯ ತುಂಬ ಗುಂಡಿ. ಮೊದಲ ದಿನ ಏನೋ ಒತ್ತಿದ್ದಕ್ಕೆ ಉಪಕರಣಗಳ ಪಟ್ಟಿಯೇ ಎದ್ದುಹೋಯಿತು, ಸಂಜೆಯವರೆಗೆ ಹುಡುಕಿದೆ. ಎರಡನೆಯ ದಿನ ಎಷ್ಟು ಒತ್ತಿದರೂ ಕುಂಚ ಬಣ್ಣ ಬಿಡಲಿಲ್ಲ. ಕಣ್ಣು ಉರಿಯುತ್ತಿತ್ತು, ಭುಜ ಹಿಡಿದುಕೊಂಡಿತ್ತು. ಈ ವಯಸ್ಸಿನಲ್ಲಿ ನನಗೆ ಇದೆಲ್ಲ ಯಾರು ಹೇಳಿದ್ದರು ಎಂದು ಗೊಣಗುತ್ತಾ ಮೌಸ್ ತಳ್ಳಿ ಎದ್ದೆ. ಮತ್ತೆ ಅಕ್ಕನ ಮುಖ ನೆನಪಾಗಿ ಕೂತೆ.

ಮೂರನೆಯ ದಿನ ಅದರಲ್ಲಿ ಪದರಗಳಿವೆ ಎನ್ನುವುದು ತಿಳಿಯಿತು. ಫೋಟೊದ ಮೇಲೆ ಒಂದು ಪಾರದರ್ಶಕ ಹಾಳೆ ಇಟ್ಟ ಹಾಗೆ. ನಾವು ತಿದ್ದುವುದೆಲ್ಲ ಆ ಹಾಳೆಯ ಮೇಲೆ. ಬೇಡವೆನಿಸಿದರೆ ಹಾಳೆ ಮರೆಮಾಡಬಹುದು, ಸರಿಸಬಹುದು, ಎಸೆಯಬಹುದು. ಕೆಳಗಿನ ಫೋಟೊ ಹೇಗಿತ್ತೋ ಹಾಗೇ ಇರುತ್ತದೆ. ಹತ್ತು ಸಲ ಹಾಳೆ ಇಟ್ಟು ತೆಗೆದು ನೋಡಿದೆ. ನಮ್ಮ ಕಾಲದಲ್ಲಿ ಇಂಥದ್ದೊಂದು ಇದ್ದಿದ್ದರೆ ಎಂದು ಹೊಟ್ಟೆ ಉರಿಯಿತು.

"ಇದು," ಎಂದು ಯಜಮಾನತಿಗೆ ತೋರಿಸಿದೆ.

"ಒಂದು ಫೋಟೊಗೆ ಎಷ್ಟು ಹೊತ್ತು?"

"ಎರಡು ದಿನ. ಕೈ ಪಳಗಿದ್ರೆ ಒಂದು ದಿನ."

"ಅಂಕಲ್! ಗಿರಾಕಿ ಜೆರಾಕ್ಸ್ ಮಾಡಿಸಿಕೊಂಡು ಹೋಗೋದ್ರೊಳಗೆ ಆಗ್ಬೇಕು. ಬೋರ್ಡಿಗೆ ಮೊದಲನೇದೇ ಇರ್ಲಿ. ನೀವು ಇದನ್ನೂ ಇಟ್ಕೊಳ್ಳಿ, ಕೇಳಿದೋರಿಗೆ ಮಾಡಿಕೊಡಿ."

ವಾದ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ. ತಲೆಯಾಡಿಸಿದೆ. ಬೋರ್ಡು ಮರುದಿನವೇ ಬಂತು.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಕ್ಕನ ಫೋಟೊ ತಿದ್ದಿದೆ. ಬೂಷ್ಟಿಗೆ ಒಂದು ಪದರ, ನೀರಿನ ಗೆರೆಗೆ ಒಂದು ಪದರ. ಕೊನೆಗೆ ಮಚ್ಚೆಗೆ ಒಂದು. ಯಾವ ಕೆನ್ನೆ? ಕಣ್ಣು ಮುಚ್ಚಿ ಕೂತೆ. ಅವಳ ಮುಖ ಎಷ್ಟು ಕರೆದರೂ ಬರಲಿಲ್ಲ, ಕೈಗೆ ಮಾತ್ರ ಎಲ್ಲ ನೆನಪಿತ್ತು. ಇಳಿಜಾರು ಮೇಜು, ಕೆಳಗಿನ ಬೆಳಕು, ನನ್ನ ಎಡಗೈ ಪಕ್ಕದ ಕೆನ್ನೆಯ ಮೇಲೆ ಮಚ್ಚೆ, ಹೊರಗಡೆಗೆ ಚಾಚಿದ ಸಣ್ಣ ಬಾಲ. ಅಲ್ಲೇ ಮೂರು ಗಂಟೆ ಪೆನ್ಸಿಲ್ ಆಡಿಸಿದ್ದೆ. ಫೋಟೊ ನೋಡುವವನ ಎಡಗಡೆ ಎಂದರೆ ಅವಳ ಬಲಗೆನ್ನೆ. ಬಲಗೆನ್ನೆಯ ಮೇಲೆ ಬರೆದೆ. ಒಳ್ಳೆಯ ಕಾಗದದ ಮೇಲೆ ಪ್ರಿಂಟ್ ತೆಗೆದು ಮನೆಗೆ ಒಯ್ದೆ.

"ಬಲಗೆನ್ನೆ ಅಕ್ಕ. ನನ್ನ ಕೈಗೆ ಗೊತ್ತು," ಎಂದೆ.

ಅಕ್ಕ ಫೋಟೊವನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬಳಿ ಹೋದಳು. ಭುಜ ಅಲುಗುತ್ತಿತ್ತು. "ಬಲ. ಹೌದು ಹೌದು, ಬಲಾನೇ. ನಾನು ಪೆದ್ದಿ, ಸುಮ್ನೆ ಎಡ ಎಡ ಅಂತಿದ್ದೆ," ಎಂದು ಅಳುತ್ತಲೇ ನಕ್ಕಳು. ನನ್ನ ತಲೆ ಸವರಿದಳು. ಅರವತ್ತೆಂಟರ ತಲೆ ಅದು, ಕೂದಲೂ ಇಲ್ಲ. ಅವಳ ಮಂಚದ ಎದುರಿನ ಗೋಡೆಗೆ ಫೋಟೊ ಅಂಟಿಸಿಕೊಟ್ಟೆ. ಬಹಳ ವರ್ಷಗಳ ಮೇಲೆ ನನ್ನ ಕೈಯಿಂದ ಒಂದು ಒಳ್ಳೆಯ ಕೆಲಸವಾಯಿತು ಎಂದು ಹಗುರಾಗಿ ಹೊರಗೆ ಬಂದೆ.

ದಿನಾ ಬೆಳಿಗ್ಗೆ ಅಕ್ಕ ಎದ್ದು ಆ ಫೋಟೊಗೆ ಮುತ್ತು ಕೊಡುತ್ತಿದ್ದಳು. ಮಚ್ಚೆಯ ಮೇಲೆಯೇ. "ಬಲಗೆನ್ನೆ, ಬಲಗೆನ್ನೆ," ಎಂದು ಪಾಠ ಒಪ್ಪಿಸುವಂತೆ ಹೇಳಿಕೊಳ್ಳುವುದು ನನ್ನ ಹೆಂಡತಿಗೆ ಅಡಿಗೆಮನೆಯವರೆಗೂ ಕೇಳಿಸುತ್ತಿತ್ತು.

ಒಂಬತ್ತನೆಯ ದಿನ ಅಂಗಡಿಯಲ್ಲಿ ಬೇರೆಯವರ ಫೋಟೊ ಒಂದನ್ನು ತಿದ್ದಲು ಕೂತಿದ್ದೆ. ಕೆಲಸ ಸಾಗುತ್ತಿರಲಿಲ್ಲ. ಮುಖವನ್ನು ಮುಖದ ಬಣ್ಣದಲ್ಲಿ ನೋಡಿ ತಿದ್ದುವುದು ನನಗೆ ಅಭ್ಯಾಸವಿಲ್ಲ. ನನ್ನ ಕಣ್ಣು ಪಳಗಿದ್ದು ಕರಿ ಹಲ್ಲು, ಬಿಳಿ ಕೂದಲಿನ ನೆಗೆಟಿವ್ ಮುಖಗಳ ಮೇಲೆ. ಬಣ್ಣ ತಿರುಗಿಸುವ ಗುಂಡಿಯೊಂದು ಇದರಲ್ಲಿದೆಯೆಂದು ಓದಿದ್ದೆ. ಪರೀಕ್ಷೆಗೆಂದು ಮೊದಲು ನಮ್ಮ ಹುಡುಗಿಯ ಫೋಟೊ ತೆರೆದು ಒತ್ತಿದೆ. ಪರದೆಯ ಮೇಲೆ ನೆಗೆಟಿವ್ ಬಂತು. ಹಳೆಯ ಸ್ನೇಹಿತನನ್ನು ಕಂಡಂತಾಯಿತು. ಆದರೂ ಏನೋ ಸರಿಯಿಲ್ಲ. ಬೈತಲೆ ಬೇರೆ ಕಡೆಗಿದೆ ಅನಿಸಿತು.

ನೆಗೆಟಿವ್‌ನಲ್ಲಿ ಒಂದು ಬದಿ ನುಣುಪು, ಇನ್ನೊಂದು ಬದಿ ಮಂಕು. ಪೆನ್ಸಿಲ್ ಹಿಡಿಯುವುದು ಮಂಕು ಬದಿಯಲ್ಲಿ ಮಾತ್ರ. ಆ ಬದಿಯನ್ನು ಮೇಲೆ ಮಾಡಿ ಮೇಜಿನ ಮೇಲಿಟ್ಟರೆ ಮುಖ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಕಾಣುತ್ತದೆ. ಟಚಿಂಗ್ ಮಾಡುವವನು ಜೀವಮಾನವಿಡೀ ನೋಡುವುದು ಹಾಗೆ ತಿರುಗಿದ ಮುಖಗಳನ್ನೇ. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಯುವ ಪಾಠ ಇದು. ನಾನು ಎಷ್ಟು ಚೆನ್ನಾಗಿ ಕಲಿತಿದ್ದೆನೆಂದರೆ ಅದು ಪಾಠ ಎನ್ನುವುದೇ ಮರೆತುಹೋಗಿತ್ತು.

ಫೋಟೊವನ್ನು ಎಡಬಲ ತಿರುಗಿಸುವ ಗುಂಡಿ ಒತ್ತಿದೆ. ಬೈತಲೆ ಸರಿಯಾದ ಕಡೆಗೆ ಬಂತು. ಮೇಜಿನ ಮೇಲೆ ಮೂರು ಗಂಟೆ ನೋಡಿದ್ದ ಮುಖ ಹಾಗೇ ಎದುರಿಗೆ ಬಂದು ನಿಂತಿತು. ನಾನು ಬರೆದ ಮಚ್ಚೆ ಮಾತ್ರ ನನ್ನ ಬಲಗೈ ಕಡೆಗೆ ಹೋಗಿ ಕೂತಿತ್ತು. ನನ್ನ ಕೈ ಹೇಳಿದ್ದು ನಿಜ, ಮಚ್ಚೆ ಎಡಗೈ ಪಕ್ಕದಲ್ಲೇ ಇತ್ತು. ಆದರೆ ಅದು ತಿರುಗಿದ ಮುಖ. ನಿಜವಾದ ಮುಖದಲ್ಲಿ ಅದು ಅವಳ ಎಡಗೆನ್ನೆ.

ಯಾರೋ ಬಂದು ಎರಡು ಪ್ರತಿ ಬೇಕು ಎಂದರು. ನಾಲ್ಕು ತೆಗೆದುಕೊಟ್ಟೆನಂತೆ. ಯಜಮಾನತಿ "ಅಂಕಲ್, ಹುಷಾರಿದ್ದೀರಾ?" ಎಂದು ಕೇಳಿದಳು.

ಎರಡು ದಿನ ಏನೂ ಮಾಡಲಿಲ್ಲ. ಅಕ್ಕ ನೆಮ್ಮದಿಯಾಗಿದ್ದಾಳೆ, ಇರಲಿ ಬಿಡು, ಇನ್ನೊಂದು ವರ್ಷ ಕಳೆದರೆ ಯಾವ ಕೆನ್ನೆಯೂ ನೆನಪಿರುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳುತ್ತೇನೆ, ದಣಿದಿದ್ದೆ. ಇನ್ನೊಂದು ಸಲ ಅದೇ ಫೋಟೊ, ಅದೇ ಕೆನ್ನೆ, ಅದೇ ತಪ್ಪು ಎಂದರೆ ಎದ್ದು ನಿಲ್ಲುವುದಕ್ಕೂ ಮನಸ್ಸಿರಲಿಲ್ಲ. ಆದರೆ ಬೆಳಿಗ್ಗೆ ಹಲ್ಲುಜ್ಜುವಾಗ ಒಳಗಿನಿಂದ "ಬಲಗೆನ್ನೆ, ಬಲಗೆನ್ನೆ" ಕೇಳಿಸುತ್ತದಲ್ಲ. ಒಂದು ಸಲ ಅವಳ ಮಗಳನ್ನು ಫೋಟೊದಿಂದ ತೆಗೆದಿದ್ದೆ. ಈಗ ನೆನಪಿನಿಂದಲೂ ತೆಗೆಯುತ್ತಿದ್ದೇನೆ ಅನಿಸಿ ಬಾಯಿಯಲ್ಲಿದ್ದ ನೀರು ಉಗಿಯುವುದನ್ನೂ ಮರೆತು ನಿಂತೆ. ಅವತ್ತೇ ಅಂಗಡಿಗೆ ಹೋಗಿ ಪದರ ಸರಿಸಿ ಹೊಸ ಪ್ರಿಂಟ್ ತೆಗೆದೆ. ಮಧ್ಯಾಹ್ನವೇ ರಜೆ ಕೇಳಿ ಮನೆಗೆ ಬಂದೆ.

ಅಕ್ಕ ಮಂಚದ ಅಂಚಿನಲ್ಲಿ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಪಕ್ಕದಲ್ಲಿ ಕೂತೆ.

"ಅಕ್ಕ, ನಾನು ಹಾಕಿದ್ದು ತಪ್ಪು ಕೆನ್ನೆ."

"ಬಲ ಅಂದ್ಯಲ್ಲೋ."

"ಅಂದೆ. ನಾವು ನೆಗೆಟಿವ್ ತಿರುಗಿಸಿ ಇಟ್ಕೊಂಡು ಕೆಲಸ ಮಾಡ್ತಿದ್ವಿ. ಅದು ಕನ್ನಡಿಯಲ್ಲಿ ಕಂಡ ಹಾಗೆ. ಅದನ್ನ ಮರೆತುಬಿಟ್ಟೆ. ಎಡ ಅಕ್ಕ. ನೀನು ಹೇಳ್ತಿದ್ದಿದ್ದೇ ಸರಿ."

ಹೊಸ ಫೋಟೊ ಕೈಗೆ ಕೊಟ್ಟೆ. ಅಕ್ಕ ನನ್ನ ಮಾತು ಪೂರ್ತಿ ಕೇಳಿಸಿಕೊಂಡಳೋ ಇಲ್ಲವೋ ಗೊತ್ತಿಲ್ಲ. ಫೋಟೊವನ್ನು ಎಡಗೈಯಲ್ಲಿ ಎದುರಿಗೆ ಹಿಡಿದಳು. ಬಲಗೈ ತಾನಾಗಿ ಮೇಲೆ ಬಂತು. ಹೆಬ್ಬೆರಳು ನೇರವಾಗಿ ಹೋಗಿ ಮಚ್ಚೆಯ ಮೇಲೆ ಕೂತಿತು. ಒಂದು ಸಲ ಒರೆಸಿತು. ಇನ್ನೊಂದು ಸಲ ಒರೆಸಿತು. ಆಮೇಲೆ ನಿಂತಿತು.

"ಮಸಿ ಅಂದ್ಕೊಂಡಿದ್ದೆ ಕಣೋ," ಎಂದಳು. ದನಿ ಬೇರೆಯಾಗಿತ್ತು. "ಹುಟ್ಟಿದ ದಿನ. ಮಸಿ ಅಂದ್ಕೊಂಡು ಒರೆಸ್ತಾನೇ ಇದ್ದೆ, ನರ್ಸು ನಕ್ಕುಬಿಟ್ಲು. ಆಮೇಲೆ ಅದೇ ಆಟ ಆಯ್ತು. ಸ್ಕೂಲಿಗೆ ಹೋಗೋವಾಗ ದಿನಾ ಬಾಗಿಲಲ್ಲಿ ನಿಂತ್ಕೊಂಡು ಕೆನ್ನೆ ಕೊಡೋಳು. ನಾನು ಹಿಂಗೆ ಒರೆಸ್ಬೇಕು. ಅವಳು 'ಹೋಯ್ತಾ ಅಮ್ಮ?' ಅನ್ಬೇಕು. ನಾನು 'ಇಲ್ಲ ಕಣೇ, ನಾಳೆ ನೋಡೋಣ' ಅನ್ಬೇಕು. ಎಲ್ಲಿ ಹೋಗಿತ್ತೋ ಇದೆಲ್ಲ! ಇಷ್ಟು ದಿನ ಎಲ್ಲಿ ಹೋಗಿತ್ತು?"

ಗೋಡೆಯ ಮೇಲಿನ ಫೋಟೊ ಕಡೆ ನೋಡಿದಳು. "ದಿನಾ ಬೆಳಿಗ್ಗೆ ಯಾರಿಗೋ ಮುತ್ತು ಕೊಟ್ಟೆನಲ್ಲೋ," ಎಂದಳು. ನಾನು ಎದ್ದು ಅದನ್ನು ಕಿತ್ತು ಮಡಚಿದೆ.

ಅಕ್ಕ ಇನ್ನೂ ಹೆಬ್ಬೆರಳು ತೆಗೆದಿರಲಿಲ್ಲ.

"ಇಷ್ಟು ಆಟ ಆಡ್ತಿದ್ದೋಳು ದೊಡ್ಡೋಳಾದ್ಮೇಲೆ ಯಾಕೋ ನಾಚ್ಕೊಂಡ್ಲು? ನಿನ್ನ ಹತ್ರ ಬಂದು ತೆಗೆಸ್ಕೊಂಡ್ಲಲ್ಲ. ನಾನು ಒರೆಸಿ ಒರೆಸೀನೇ ಅವಳಿಗೆ ಹಾಗನ್ನಿಸ್ತೇನೋ. ಅಮ್ಮಂಗೆ ಇದು ಇಷ್ಟ ಇಲ್ಲ ಅಂತ ಅಂದ್ಕೊಂಡ್ಲೇನೋ. ಆ ಫೋಟೊ ನೀನು ತಂದುಕೊಟ್ಟ ದಿನದಿಂದ ಇದನ್ನೇ ಯೋಚನೆ ಮಾಡ್ತಿದ್ದೀನಿ. ಅವಳು ಹೋಗೋ ಮುಂಚೆ ಒಂದು ಮಾತು ಕೇಳ್ಬೇಕಿತ್ತು. ಬಾಯೇ ಬರ್ಲಿಲ್ಲ."

ನನ್ನ ಒಂದು ಸುಳ್ಳು ಅಕ್ಕನ ಎದೆಯಲ್ಲಿ ಇಷ್ಟು ಬೆಳೆದಿದೆಯೆಂದು ನನಗೆ ಗೊತ್ತಿರಲಿಲ್ಲ. ಬೇಸರ ಮಾಡಿಕೊಂಡಿದ್ದಾಳೆ, ಮರೆತಿರುತ್ತಾಳೆ ಎಂದುಕೊಂಡಿದ್ದೆ. ಬೇರೆ ಎಲ್ಲವನ್ನೂ ಮರೆಯುತ್ತಿದ್ದವಳು ಇದೊಂದನ್ನು ಮರೆತಿರಲಿಲ್ಲ.

"ಅವಳು ಕೇಳಿರ್ಲಿಲ್ಲ ಅಕ್ಕ," ಎಂದೆ. "ನಾನೇ ತೆಗೆದೆ. ಅವಳು ಕೇಳ್ಲೇ ಇಲ್ಲ."

"ನಾನು ಅವತ್ತು ನಿನ್ನ ಕೇಳಿದ್ನಲ್ಲ?"

"ಕೇಳಿದ್ದೆ. ಸುಳ್ಳು ಹೇಳಿದೆ. ನೀನು ಬೈತೀಯ ಅಂತ ಹೆದರಿಕೆ ಆಯ್ತು."

ಮಡಚಿದ್ದ ಬಟ್ಟೆಯೊಂದು ತೊಡೆಯಿಂದ ಜಾರಿ ನೆಲಕ್ಕೆ ಬಿತ್ತು, ಇಬ್ಬರೂ ಎತ್ತಲಿಲ್ಲ.

"ಫೋಟೊ ನೋಡಿ ಏನಂದ್ಲು?"

"'ಚೆನ್ನಾಗಿದೆ ಮಾವ, ಇವಳ್ಯಾರು? ನನ್ನ ಫೋಟೊ ಯಾವಾಗ ಕೊಡ್ತೀರಾ?' ಅಂದ್ಲು."

ಅಕ್ಕನ ತುಟಿ ಅದುರಿತು. ಅಳುತ್ತಾಳೆ ಎಂದುಕೊಂಡೆ. ನಗುತ್ತಿದ್ದಳು. "ಹಂಗಂದ್ಲಾ? ಹಂಗೇ ಅಂದ್ಲಾ?" ಎಂದು ಎರಡು ಸಲ ಕೇಳಿದಳು. ನಾನು ಹೌದು ಎಂದೆ. "ನಾಚಿಕೆ ಇರ್ಲಿಲ್ಲ ಹಾಗಾದ್ರೆ ನನ್ನ ಮಗಳಿಗೆ," ಎಂದು ಫೋಟೊವನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. ಆ ಕಣ್ಣುಗಳನ್ನು ನೋಡುವುದು ನನ್ನಿಂದಾಗಲಿಲ್ಲ. ಅಷ್ಟು ಸ್ಪಷ್ಟವಾಗಿ ಅವಳು ನನ್ನನ್ನು ನೋಡಿ ಎರಡು ವರ್ಷವಾಗಿತ್ತು.

"ಬೈಬೇಕು ನಿನ್ನ," ಎಂದಳು. "ಚೆನ್ನಾಗಿ ಬೈಬೇಕು. ಮೂವತ್ತೆರಡು ವರ್ಷದ್ದು ಇದೆ. ನಾಳೆ ಬೈತೀನಿ. ಇವತ್ತು ಇವಳ ಜೊತೆ ಇರ್ತೀನಿ, ನೀನು ಎದ್ದು ಹೋಗು. ಬಾಗಿಲು ಎಳ್ಕೋ."

ಬಾಗಿಲು ಎಳೆದುಕೊಂಡು ಬಂದೆ. ಅಡಿಗೆಮನೆಯ ಸ್ಟೂಲಿನ ಮೇಲೆ ಕೂತೆ. ಒಲೆಯ ಮುಂದಿದ್ದ ಹೆಂಡತಿ ತಿರುಗಿ ನೋಡಿ, ಏನಾಯಿತು ಎಂದು ಕೇಳಲಿಲ್ಲ, ಎಲ್ಲ ಕೇಳಿಸಿರಬೇಕು. ಒಂದು ಲೋಟ ನೀರು ಕೊಟ್ಟಳು. ಕುಡಿದೆ.

"ನಾಳೆ ಬೆಳಿಗ್ಗೆ ಅಕ್ಕ ಏಳ್ತಿದ್ದ ಹಾಗೇ," ಎಂದೆ ಅವಳಿಗೆ, "ನನ್ನನ್ನ ಬೈಯೋದಿದೆ ಅಂತ ನೆನಪು ಮಾಡು. ಮರೆತುಬಿಟ್ಟಾಳು."